ಡಿಸ್ಕ್ ‘ಟಕ್ ಟಕ್’ ಅಂದರೆ ಫಾರ್ಮ್ಯಾಟ್ ಬೇಡ

ಪ್ರಶ್ನೆ: ಲ್ಯಾಪ್‌ಟಾಪ್ ಆನ್ ಮಾಡಿದರೆ ಹಾರ್ಡ್ ಡಿಸ್ಕ್‌ನಿಂದ ‘ಟಕ್ ಟಕ್’ ಸದ್ದು. ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ ಅಂಗಡಿಯವರು. ಮಕ್ಕಳ ಫೋಟೊಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?

ಉತ್ತರ: ಮೊದಲು ಆಫ್ ಮಾಡಿಬಿಡಿ. ಸಾಮಾನ್ಯವಾಗಿ, ಡಿಸ್ಕಿನೊಳಗೆ ಡೇಟಾ ಓದುವ ಪುಟ್ಟ ಭಾಗ, ಅಂದರೆ ಹೆಡ್, ತನ್ನ ಜಾಗ ಸಿಗದೆ ಹಿಂದೆ ಮುಂದೆ ಹೊಡೆದುಕೊಳ್ಳುವ ಸದ್ದು ಅದು. ಫಾರ್ಮ್ಯಾಟ್‌ನಿಂದ ಹೆಡ್ ರಿಪೇರಿಯಾಗುವುದಿಲ್ಲ, ಫೋಟೊಗಳು ಕೈತಪ್ಪುತ್ತವೆ ಅಷ್ಟೇ. ಆನ್ ಮಾಡಿದಷ್ಟೂ ಡೇಟಾ ಇರುವ ಒಳಗಿನ ತಟ್ಟೆಗೆ ಗೀರು ಬೀಳಬಹುದು. ವಿಂಡೋಸ್‌ನಲ್ಲಿ ಡಿಸ್ಕ್ ತಪಾಸಣೆ ಮಾಡುವ ‘ಚೆಕ್ ಡಿಸ್ಕ್’ ಓಡಿಸುವುದೂ ಬೇಡ. ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಡೇಟಾ ರಿಕವರಿಯವರಲ್ಲಿಗೇ ಒಯ್ಯಿರಿ. ಬಿಲ್ ಹೊಸ ಡಿಸ್ಕಿನ ಬೆಲೆಯನ್ನೂ ಮೀರಬಹುದು, ಮೊದಲೇ ಕೇಳಿ ಒಪ್ಪಿ. (ಫ್ರಿಜ್‌ನಲ್ಲಿಡಿ ಎನ್ನುವವರ ಮಾತು ಕೇಳಬೇಡಿ, ಒಳಗೆ ತೇವ ಕಟ್ಟುತ್ತದೆ.) ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀ ಬೇಕು, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ಡಿಸ್ಕ್) ಹಾಕಿಸಿ, ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ ಕೇಳಿ ತನ್ನಿ.