ಹಳೆಯ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಮನೆಯಲ್ಲೇ ಬಿಚ್ಚಿ ಕಟ್ಟಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. 1970ರ ದಶಕದ ನಿಮ್ಮ ಕಾರಿನಲ್ಲಿ ಜನರಲ್ ಮೋಟರ್ಸ್‌ನ ಟರ್ಬೊ ಹೈಡ್ರಾಮ್ಯಾಟಿಕ್ 350 ಎಂಬ ಮೂರು ಗೇರಿನ ಆಟೋಮ್ಯಾಟಿಕ್ ಇದೆ. ಒಂದು ಮತ್ತು ಎರಡನೆಯ ಗೇರಿನಲ್ಲಿ ಕಾರು ಸರಿಯಾಗಿ ಓಡುತ್ತದೆ. ಮೂರನೆಯದಕ್ಕೆ ಬಂದೊಡನೆ ಎಂಜಿನ್ ವೇಗ ಏರುತ್ತದೆಯೇ ಹೊರತು ಕಾರಿನ ವೇಗ ಏರುವುದಿಲ್ಲ, ರಿವರ್ಸ್ ಹಿಡಿಯುವುದೂ ತಡವಾಗುತ್ತದೆ. ಎಂಜಿನ್ ಮತ್ತು ಬ್ರೇಕ್ ಕೆಲಸದ ಅಭ್ಯಾಸ ನಿಮಗಿದೆ, ಆದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಎಂದೂ ಬಿಚ್ಚಿಲ್ಲ. ಮನೆಯ ಶೆಡ್ಡಿನಲ್ಲಿ ಇದನ್ನು ಮಾಡಲು ಸಾಧ್ಯವೇ ಎಂದು ಕೇಳಿದ್ದೀರಿ.

ಸಾಧ್ಯ. ಈ ಬಗೆಯ ಗೇರ್‌ಬಾಕ್ಸ್‌ಗಳನ್ನು ನಾನು ಮನೆಯ ಬೆಂಚಿನ ಮೇಲೆಯೇ ಬಿಚ್ಚಿ ಕಟ್ಟಿದ್ದೇನೆ. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಕಡಿಮೆ. 1969ರ ಮಾದರಿಯ ಕಾರುಗಳೊಂದಿಗೆ ಬಂದ ಈ ಗೇರ್‌ಬಾಕ್ಸಿನಲ್ಲಿ ಕಂಪ್ಯೂಟರ್ ಇಲ್ಲ, ವಿದ್ಯುತ್ತಿನಿಂದ ನಡೆಯುವ ವಾಲ್ವಾದ ಸೋಲೆನಾಯ್ಡ್ ಇಲ್ಲ. ಯಾವಾಗ ಯಾವ ಗೇರ್ ಎಂಬುದನ್ನು ಎಣ್ಣೆಯ ಒತ್ತಡವೇ ನಿರ್ಧರಿಸುತ್ತದೆ. ಆದರೆ ಒಂದು ವಿಷಯವನ್ನು ಮೊದಲೇ ಹೇಳಬೇಕು. ಗೇರ್‌ಬಾಕ್ಸಿನೊಳಗಿನ ಪ್ರತಿ ಕ್ಲಚ್ ಎಂದರೆ ಒಂದರ ಮೇಲೊಂದು ಜೋಡಿಸಿದ ಪ್ಲೇಟುಗಳ ಕಟ್ಟು; ಎಣ್ಣೆಯ ಒತ್ತಡಕ್ಕೆ ಪಿಸ್ಟನ್ ಅವನ್ನು ಒತ್ತಿ ಹಿಡಿಯುತ್ತದೆ. ಹೊಸ ಪ್ಲೇಟುಗಳ ಕಿಟ್ ತಂದು ಹಳೆಯ ಪ್ಲೇಟುಗಳ ಜಾಗದಲ್ಲಿ ಕೂರಿಸುವುದು ಈ ಕೆಲಸದ ಸುಲಭವಾದ ಭಾಗ. ಕ್ಲಚ್ ತನ್ನಷ್ಟಕ್ಕೆ ತಾನೇ ಸುಡುವುದು ಅಪರೂಪ. ಅದನ್ನು ಒತ್ತಿ ಹಿಡಿಯಬೇಕಾದ ಎಣ್ಣೆ ಹೆಚ್ಚಾಗಿ ದಾರಿಯಲ್ಲಿ ಎಲ್ಲಿಯೋ ಸೋರಿಹೋಗಿರುತ್ತದೆ, ಅರ್ಧ ಒತ್ತಡದಲ್ಲಿ ಜಾರುತ್ತ ಜಾರುತ್ತ ಪ್ಲೇಟು ಸುಟ್ಟಿರುತ್ತದೆ. ಆ ಸೋರಿಕೆ ಎಲ್ಲಿ ಎಂದು ಕಂಡುಹಿಡಿಯದೆ ಮುಚ್ಚಿದರೆ ಹೊಸ ಪ್ಲೇಟುಗಳೂ ಅದೇ ದಾರಿ ಹಿಡಿಯುತ್ತವೆ. ಆದ್ದರಿಂದ ಬಿಚ್ಚುವಾಗಲೇ ಕಾರಣ ಹುಡುಕುತ್ತ ಬಿಚ್ಚಬೇಕು.

ಹುಡುಕಾಟ ಗೇರ್‌ಬಾಕ್ಸ್ ಇನ್ನೂ ಕಾರಿನಲ್ಲಿರುವಾಗಲೇ ಶುರುವಾಗಬೇಕು. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ, ಲಿವರನ್ನು ಪಾರ್ಕ್‌ನಲ್ಲಿಟ್ಟು ಎಣ್ಣೆಯ ಮಟ್ಟ ನೋಡಿ. ಕೇಸಿನ ಬಲಬದಿಯಲ್ಲಿ ಸಣ್ಣ ಡಬ್ಬಿಯಂತಿರುವ, ಎಂಜಿನ್ನಿನ ಹೀರುವಿಕೆಗೆ ತಕ್ಕಂತೆ ಎಣ್ಣೆಯ ಒತ್ತಡ ಹೊಂದಿಸುವ ವ್ಯಾಕ್ಯೂಮ್ ಮಾಡ್ಯುಲೇಟರಿನ ಕೊಳವೆಯನ್ನು ಕಿತ್ತು ಒಳಗೆ ನೋಡಿ. ಅಲ್ಲಿ ಕೆಂಪು ಎಣ್ಣೆ ಕಂಡರೆ ಅದರ ಡಯಾಫ್ರಾಮ್ ಹರಿದಿದೆ, ಎಂಜಿನ್ ಆ ಎಣ್ಣೆಯನ್ನು ಹೀರಿ ಸುಡುತ್ತಿದೆ ಎಂದರ್ಥ. ಗೇರ್ ಬದಲಾವಣೆ ತಡವಾಗಿ, ಜೋರಾಗಿ ಬಡಿದಂತೆ ಆಗುತ್ತಿದ್ದರೆ ಎಷ್ಟೋ ಸಲ ಇದೊಂದನ್ನೇ ಬದಲಿಸಿದರೆ ಸಾಕಾಗುತ್ತದೆ. ಆಮೇಲೆ ಕೇಸಿನ ಒತ್ತಡದ ರಂಧ್ರಕ್ಕೆ 300 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಪೌಂಡು) ವರೆಗೆ ತೋರಿಸುವ ಗೇಜ್ ಹಾಕಿ, ಪ್ರತಿ ಗೇರಿನಲ್ಲಿ ಬಂದ ಓದನ್ನು ಬರೆದಿಟ್ಟುಕೊಳ್ಳಿ. ಒತ್ತಡ ಎಲ್ಲ ಗೇರುಗಳಲ್ಲೂ ಕಡಿಮೆಯಿದ್ದರೆ ಪಂಪು, ಫಿಲ್ಟರ್ ಅಥವಾ ಒತ್ತಡ ನಿಯಂತ್ರಿಸುವ ವಾಲ್ವಿನ ಮೇಲೆ ಸಂಶಯಪಡಬೇಕು. ಕೆಲವು ಗೇರುಗಳಲ್ಲಿ ಮಾತ್ರ ಬಿದ್ದರೆ ಆ ಗೇರುಗಳ ಕ್ಲಚ್ಚಿನ ದಾರಿಯಲ್ಲಿ ಸೋರಿಕೆಯಿದೆ. ಬಿಚ್ಚಿದ ಮೇಲೆ ಈ ಪರೀಕ್ಷೆಗೆ ಅವಕಾಶವಿಲ್ಲ.

ನೀವು ಹೇಳಿರುವ ಲಕ್ಷಣಗಳೇ ಅರ್ಧ ಉತ್ತರವನ್ನು ಕೊಟ್ಟಿವೆ. ಈ ಗೇರ್‌ಬಾಕ್ಸಿನಲ್ಲಿ ಮುಂದೆ ಹೋಗುವ ಮೂರು ಗೇರುಗಳಲ್ಲೂ ಫಾರ್ವರ್ಡ್ ಕ್ಲಚ್ ಹಿಡಿದಿರುತ್ತದೆ. ಒಂದು ಮತ್ತು ಎರಡು ಚೆನ್ನಾಗಿವೆ ಎಂದರೆ ಅದು ಆರೋಗ್ಯವಾಗಿದೆ. ಎರಡನೆಯದಕ್ಕೆ ಇಂಟರ್‌ಮೀಡಿಯೆಟ್ ಕ್ಲಚ್ ಸೇರಿಕೊಳ್ಳುತ್ತದೆ, ಅದೂ ಸರಿಯಿದೆ. ಮೂರನೆಯ ಗೇರಿಗೆ ಬೇಕಾದದ್ದು ಡೈರೆಕ್ಟ್ ಕ್ಲಚ್. ರಿವರ್ಸಿಗೆ ಬೇಕಾದದ್ದು ಅದೇ ಡೈರೆಕ್ಟ್ ಕ್ಲಚ್ ಮತ್ತು ಲೋ–ರಿವರ್ಸ್ ಕ್ಲಚ್. ಹಾಗಾಗಿ ಮೂರನೆಯ ಗೇರ್ ಜಾರುವುದು ಮತ್ತು ರಿವರ್ಸ್ ತಡವಾಗುವುದು ಎರಡು ಬೇರೆ ತೊಂದರೆಗಳಲ್ಲ. ಎರಡೂ ಡೈರೆಕ್ಟ್ ಕ್ಲಚ್ಚಿನ ಡ್ರಮ್ಮಿನತ್ತಲೇ, ಅಂದರೆ ಅದರ ಪ್ಲೇಟುಗಳೂ ಪಿಸ್ಟನ್ನೂ ಕೂರುವ ಉರುಳೆಯತ್ತಲೇ, ಬೆರಳು ತೋರಿಸುತ್ತವೆ. ಯಾವ ಗೇರಿಗೆ ಯಾವ ಕ್ಲಚ್ ಎಂಬ ಪಟ್ಟಿ ಪ್ರತಿಯೊಂದು ರಿಪೇರಿ ಕೈಪಿಡಿಯಲ್ಲೂ ಇರುತ್ತದೆ. ಅದನ್ನು ಬೆಂಚಿನ ಎದುರಿನ ಗೋಡೆಗೆ ಅಂಟಿಸಿಕೊಳ್ಳಿ, ಕೆಲಸದ ಕೊನೆಯವರೆಗೂ ಬೇಕಾಗುತ್ತದೆ.

ಇಳಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಆದರೆ ಅಪಾಯ ಇರುವುದು ಅಲ್ಲಿಯೇ. ಬ್ಯಾಟರಿ ಸಂಪರ್ಕ ತೆಗೆದು, ಕಾರನ್ನು ಗಟ್ಟಿ ನೆಲದ ಮೇಲೆ ನಾಲ್ಕು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಗೇರ್‌ಬಾಕ್ಸ್ ಸುಮಾರು 55 ಕಿಲೋ ತೂಗುತ್ತದೆ ಮತ್ತು ಅದರ ಭಾರ ಒಂದೇ ಕಡೆ ವಾಲುತ್ತದೆ; ಆದ್ದರಿಂದ ಪಟ್ಟಿಯಿರುವ ಟ್ರಾನ್ಸ್‌ಮಿಷನ್ ಜಾಕನ್ನು ಬಾಡಿಗೆಗಾದರೂ ತನ್ನಿ. ಎಂಜಿನ್ನಿನ ಹಿಂಭಾಗಕ್ಕೆ ಆಧಾರ ಕೊಡುವುದನ್ನು ಮರೆಯಬೇಡಿ. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರನ್ನು, ಎಂಜಿನ್ನಿನ ಹಿಂದೆ ತಿರುಗುವ ತಟ್ಟೆಯಾದ ಫ್ಲೆಕ್ಸ್‌ಪ್ಲೇಟಿನಿಂದ ಬಿಡಿಸಿ ಗೇರ್‌ಬಾಕ್ಸಿನ ಜೊತೆಯಲ್ಲೇ ಇಳಿಸಬೇಕು, ಅದು ಜಾರಿ ಕಾಲ ಮೇಲೆ ಬೀಳದಂತೆ ಕಟ್ಟಿರಬೇಕು.

ಬೆಂಚಿಗೆ ಬಂದ ಮೇಲೆ ಮೊದಲು ಹೊರಮೈಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಆಮೇಲೆ ಬೋಲ್ಟಿಗೆ ಕೈ ಹಾಕಿ. ನೂಲು ಬಿಡುವ ಬಟ್ಟೆ ಈ ಕೆಲಸಕ್ಕೆ ಸಲ್ಲದು, ಏಕೆಂದರೆ ಒಂದು ಎಳೆ ವಾಲ್ವಿನಲ್ಲಿ ಸಿಕ್ಕಿದರೂ ಅದು ಅಲ್ಲೇ ಅಂಟಿಕೊಳ್ಳುತ್ತದೆ. ಕೇಸಿನ ಅಡಿಯ ಎಣ್ಣೆ ತಟ್ಟೆಯಾದ ಪ್ಯಾನ್ ತೆಗೆದಾಗ ತಳದಲ್ಲಿರುವುದನ್ನು ಸುರಿದುಬಿಡದೆ ಬೆರಳಿನಲ್ಲಿ ಉಜ್ಜಿ ನೋಡಿ. ತೆಳುವಾದ ಬೂದುಬಣ್ಣದ ಕೆಸರು ಸಹಜ. ಕಪ್ಪಾದ ನಾರಿನಂಥ ಚೂರುಗಳು ಕ್ಲಚ್ಚಿನ ಪದರದಿಂದ ಬಂದವು. ಹಳದಿ ಲೋಹದ ಹೊಳಪು ಕಂಡರೆ ಯಾವುದೋ ಬುಷ್ (ತಿರುಗುವ ಭಾಗಕ್ಕೆ ಆಧಾರವಾದ ಲೋಹದ ಬಳೆ) ಅಥವಾ ವಾಷರ್ ಸವೆದಿದೆ. ಅದು ಯಾವುದು ಎಂದು ತಿಳಿಯುವವರೆಗೆ ಕೆಲಸ ಮುಗಿದಿಲ್ಲ.

ಪ್ಯಾನ್ ಮೇಲೆ ಬರುವಂತೆ ಗೇರ್‌ಬಾಕ್ಸನ್ನು ತಲೆಕೆಳಗಾಗಿಸಿಯೇ, ಎಣ್ಣೆಯನ್ನು ಬೇರೆ ಬೇರೆ ಕ್ಲಚ್ಚುಗಳಿಗೆ ಕಳಿಸುವ ವಾಲ್ವುಗಳಿರುವ ವಾಲ್ವ್ ಬಾಡಿ ತೆಗೆಯಿರಿ. ಅದರಡಿಯ ತೆಳು ತಗಡನ್ನು ಎತ್ತಿದರೆ ಕೇಸಿನ ಕಾಲುವೆಗಳಲ್ಲಿ ಎಣ್ಣೆಯನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಪುಟ್ಟ ಚೆಕ್ ಬಾಲ್‌ಗಳು ಕಾಣುತ್ತವೆ. ಅವನ್ನು ಮುಟ್ಟುವ ಮೊದಲು ಚಿತ್ರ ತೆಗೆದಿಟ್ಟುಕೊಳ್ಳಿ. ಒಂದು ಬಾಲ್ ತಪ್ಪು ಕುಳಿಯಲ್ಲಿ ಕೂತರೂ ಗೇರ್ ಬದಲಾವಣೆ ಕೆಡುತ್ತದೆ, ಮತ್ತು ಆಗ ತಪ್ಪು ಎಲ್ಲಿದೆ ಎಂದು ಹೊರಗಿನಿಂದ ಊಹಿಸುವುದು ಬಹಳ ಕಷ್ಟ. ಪಂಪನ್ನು ಹೊರತೆಗೆಯುವ ಮುನ್ನ ಇನ್‌ಪುಟ್ ಶಾಫ್ಟಿಗೆ ಡಯಲ್ ಗೇಜ್ ಇಟ್ಟು, ಹಿಂದೆ ಮುಂದೆ ಎಳೆದು ಅದರ ಆಟ ಎಷ್ಟಿದೆ ಎಂದು ಬರೆದುಕೊಳ್ಳಿ. ಒಳಗಿನ ವಾಷರುಗಳು ಎಷ್ಟು ಸವೆದಿವೆ ಎಂಬುದಕ್ಕೆ ಅದೇ ಅಳತೆಗೋಲು. ಆಮೇಲೆ ಹೊರಬಂದ ಭಾಗಗಳನ್ನೆಲ್ಲ ಬಂದ ಕ್ರಮದಲ್ಲಿ, ಬಂದ ದಿಕ್ಕಿನಲ್ಲೇ ಉದ್ದನೆಯ ಹಲಗೆಯ ಮೇಲೆ ಜೋಡಿಸಿ. ಭಾಗಗಳ ನಡುವಿನ ಸವೆತ ತಡೆಯುವ ಥ್ರಸ್ಟ್ ವಾಷರುಗಳು ಹಿಂದಿನ ಭಾಗಕ್ಕೆ ಅಂಟಿಕೊಂಡೇ ಬರುವುದುಂಟು, ಆದ್ದರಿಂದ ಪ್ರತಿಯೊಂದರ ಬೆನ್ನನ್ನೂ ತಿರುಗಿಸಿ ನೋಡಿ.

ಈಗ ಡೈರೆಕ್ಟ್ ಡ್ರಮ್ಮಿಗೆ ಬರೋಣ, ನಿಮ್ಮ ಸಂದರ್ಭದಲ್ಲಿ ಅತಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ಇದರೊಂದಿಗೆ. ಪ್ಲೇಟುಗಳನ್ನು ಹೊರತೆಗೆದರೆ ಕಂದು ಬಣ್ಣದ ಪದರ ಕಪ್ಪಾಗಿ, ಉಗುರು ತಾಗಿಸಿದರೆ ಹಪ್ಪಳೆಯಾಗಿ ಏಳಬಹುದು. ಉಕ್ಕಿನ ಪ್ಲೇಟುಗಳ ಮೇಲೆ ನೀಲಿ ಕಲೆಗಳಿರಬಹುದು. ಅಷ್ಟಕ್ಕೇ ನಿಲ್ಲಬೇಡಿ. ಪಿಸ್ಟನ್ನನ್ನು ಹಿಂದೆ ತಳ್ಳುವ ಸ್ಪ್ರಿಂಗುಗಳು ತಡೆಯುಂಗುರವಾದ ಸರ್ಕ್ಲಿಪ್ಪಿನ ಕೆಳಗೆ ಬಿಗಿಯಾಗಿ ಅದುಮಿರುತ್ತವೆ. ಕಣ್ಣಿನ ರಕ್ಷಣೆಯ ಕನ್ನಡಕ ಧರಿಸಿ, ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಬಳಸಿ ಬಿಡಿಸಿ. ಪಿಸ್ಟನ್ ಹೊರಬಂದ ಮೇಲೆ ಅದರ ಅಂಚಿನಲ್ಲಿ ಎಣ್ಣೆ ತಡೆಯುವ ರಬ್ಬರಿನ ತುಟಿಯುಂಗುರವಾದ ಲಿಪ್ ಸೀಲನ್ನು ಬಗ್ಗಿಸಿ ನೋಡಿ. ಹೊಸ ಸೀಲ್ ಬೆರಳಿನ ನಡುವೆ ಮೃದುವಾಗಿ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ದಶಕಗಳ ಬಿಸಿ ಉಂಡ ಸೀಲ್ ಹಾಗೆ ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತದೆ. ಅಂಥ ಸೀಲ್ ಎಣ್ಣೆಯನ್ನು ಹಿಡಿಯಲಾರದು, ಮತ್ತು ಹಳೆಯ ಕಾರುಗಳಲ್ಲಿ ಬಹುಪಾಲು ಕಾರಣ ಇಲ್ಲಿಯೇ ಸಿಗುತ್ತದೆ.

ಸೀಲ್ ಮುರಿದದ್ದು ಕಂಡರೂ ಹುಡುಕಾಟ ಮುಂದುವರಿಸಿ. ಪಿಸ್ಟನ್ ಅಥವಾ ಡ್ರಮ್ಮಿನಲ್ಲಿರುವ ಪುಟ್ಟ ಚೆಕ್ ಬಾಲ್ ಅಲುಗಾಡಿಸಿದರೆ ಸದ್ದು ಮಾಡಬೇಕು. ಅದು ಕೆಸರಿನಲ್ಲಿ ಹೂತಿದ್ದರೆ ಒತ್ತಡ ಅಲ್ಲಿಂದಲೂ ಹೋಗುತ್ತದೆ. ಈ ಡ್ರಮ್ಮಿಗೆ ಎಣ್ಣೆ ಬರುವುದು ಪಂಪಿನ ಕುತ್ತಿಗೆಯ ಮೇಲಿನ ಸೀಲಿಂಗ್ ರಿಂಗುಗಳ ನಡುವಿನಿಂದ. ಆ ರಿಂಗುಗಳು ಸವೆದಿದ್ದರೆ, ಅಥವಾ ಅವು ಉಜ್ಜುವ ಡ್ರಮ್ಮಿನ ಒಳಮೈಯಲ್ಲಿ ಉಗುರಿಗೆ ತಾಗುವಂಥ ಗೀರು ಬಿದ್ದಿದ್ದರೆ, ಎಷ್ಟು ಹೊಸ ಸೀಲ್ ಹಾಕಿದರೂ ಪ್ರಯೋಜನವಿಲ್ಲ. ಡ್ರಮ್ಮಿನ ಬುಷ್ ಸವೆದರೆ ಡ್ರಮ್ ಓಲಾಡುತ್ತದೆ, ರಿಂಗುಗಳು ಒಂದೇ ಬದಿಗೆ ಒತ್ತಿಕೊಂಡು ಇನ್ನೊಂದು ಬದಿಯಲ್ಲಿ ಸೋರುತ್ತವೆ. ಬುಷ್ ಬದಲಿಸಲು ಅಳತೆಗೆ ಸರಿಹೊಂದುವ ಡ್ರೈವರ್ ಬೇಕು. ನಿಮ್ಮ ಬಳಿ ಇಲ್ಲದಿದ್ದರೆ ಈ ಒಂದು ಕೆಲಸವನ್ನು ಮಷೀನ್ ಶಾಪಿನವರ ಕೈಗೆ ಕೊಡಿ. ಸುತ್ತಿಗೆಯಿಂದ ಬಡಿದು ಓರೆಯಾಗಿ ಕೂತ ಬುಷ್ ಹಳೆಯದಕ್ಕಿಂತ ಕೆಟ್ಟದ್ದು.

ಹೊಸ ಸೀಲಿನ ತುಟಿ ಯಾವಾಗಲೂ ಎಣ್ಣೆಯ ಒತ್ತಡ ಬರುವ ಕಡೆಗೆ ಮುಖ ಮಾಡಿರಬೇಕು. ಸೀಲಿಗೂ ಡ್ರಮ್ಮಿಗೂ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಅದು ಟ್ರಾನ್ಸ್‌ಮಿಷನ್ ಎಣ್ಣೆಯಲ್ಲಿ ಕರಗಿಹೋಗುತ್ತದೆ, ಸಾಮಾನ್ಯ ಗ್ರೀಸ್ ಹಾಗೆ ಕರಗದೆ ಸಣ್ಣ ರಂಧ್ರಗಳನ್ನು ಕಟ್ಟಿಬಿಡುತ್ತದೆ. ಪಿಸ್ಟನ್ನನ್ನು ಬಲವಂತವಾಗಿ ಒತ್ತಿದರೆ ತುಟಿ ಮಡಚಿಕೊಳ್ಳುತ್ತದೆ ಅಥವಾ ಕತ್ತರಿಸಿಹೋಗುತ್ತದೆ. ನಾನು ತೆಳುವಾದ ಉಕ್ಕಿನ ತಂತಿಯನ್ನು ಕುಣಿಕೆಯಾಗಿ ಬಗ್ಗಿಸಿ ಹಿಡಿಗೆ ಕಟ್ಟಿಟ್ಟುಕೊಂಡಿದ್ದೇನೆ. ಪಿಸ್ಟನ್ನನ್ನು ನೇರವಾಗಿ ಇಟ್ಟು, ಆ ಕುಣಿಕೆಯಿಂದ ತುಟಿಯನ್ನು ಸುತ್ತಲೂ ಸ್ವಲ್ಪಸ್ವಲ್ಪವೇ ಒಳಕ್ಕೆ ಸರಿಸುತ್ತ ಹೋದರೆ ಒಂದು ಹಂತದಲ್ಲಿ ಪಿಸ್ಟನ್ ತನ್ನ ಭಾರಕ್ಕೇ ಎಂಬಂತೆ ಕೆಳಗಿಳಿಯುತ್ತದೆ. ಹಾಗೆ ಇಳಿಯದಿದ್ದರೆ ತೆಗೆದು ನೋಡಿ ಮತ್ತೆ ಶುರುಮಾಡಿ. ಇಲ್ಲಿ ತಾಳ್ಮೆಗೆ ಬದಲಿ ಇಲ್ಲ.

ಕಂದು ಪದರವಿರುವ ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಜೋಡಿಸುವ ಮೊದಲು ಕನಿಷ್ಠ ಅರ್ಧ ಗಂಟೆ ಟ್ರಾನ್ಸ್‌ಮಿಷನ್ ಎಣ್ಣೆಯಲ್ಲಿ ನೆನೆಸಿಡಿ. ಪ್ಲೇಟುಗಳೆಲ್ಲ ಕೂತ ಮೇಲೆ ಸಂದಿ ಅಳೆಯುವ ತೆಳು ಪಟ್ಟಿಗಳಾದ ಫೀಲರ್ ಗೇಜಿನಿಂದ ಅವುಗಳ ಒಟ್ಟು ಸಡಿಲವನ್ನು ಅಳೆಯಿರಿ. ಪ್ರತಿ ಫ್ರಿಕ್ಷನ್ ಪ್ಲೇಟಿಗೆ ಸುಮಾರು 0.25 ಮಿಲಿಮೀಟರ್ ಎಂಬುದು ಈ ಕೆಲಸ ಮಾಡುವವರು ಒಪ್ಪಿಕೊಂಡು ಬಂದ ಲೆಕ್ಕ; ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಸಡಿಲ ಕಡಿಮೆಯಾದರೆ ಕ್ಲಚ್ ಬಿಟ್ಟಾಗಲೂ ಉಜ್ಜುತ್ತ ಬಿಸಿಯಾಗುತ್ತದೆ, ಹೆಚ್ಚಾದರೆ ಹಿಡಿಯುವುದು ತಡವಾಗುತ್ತದೆ.

ಮುಚ್ಚುವ ಮುನ್ನ ಒಂದು ಪರೀಕ್ಷೆಯನ್ನು ಯಾವ ಅವಸರವಿದ್ದರೂ ಬಿಡಬೇಡಿ. ಡ್ರಮ್ಮನ್ನು ಪಂಪಿನ ಕುತ್ತಿಗೆಯ ಮೇಲೆ ಕೂರಿಸಿ, ಡೈರೆಕ್ಟ್ ಕ್ಲಚ್ಚಿನ ಎಣ್ಣೆಯ ರಂಧ್ರಕ್ಕೆ ಸುಮಾರು 30 ಪಿಎಸ್‌ಐ ಒಣಗಾಳಿ ಬಿಡಿ. ಪಿಸ್ಟನ್ ಪ್ಲೇಟುಗಳನ್ನು ಒತ್ತಿದಾಗ ಮಂದವಾದ, ಸ್ಪಷ್ಟವಾದ ‘ಧಪ್’ ಎಂಬ ಸದ್ದು ಬರಬೇಕು. ಗಾಳಿ ತೆಗೆದಾಗ ಪಿಸ್ಟನ್ ಹಿಂದೆ ಸರಿಯಬೇಕು. ರಿಂಗುಗಳ ಬಳಿ ಸ್ವಲ್ಪ ಗಾಳಿ ಹೋಗುವುದು ಸಹಜ. ಆದರೆ ಧಪ್ ಎನ್ನದೆ ಬರೀ ಬುಸುಗುಟ್ಟಿದರೆ ಸೀಲ್ ಮಡಚಿದೆ ಎಂದು ತಿಳಿದು ಅಲ್ಲೇ ಬಿಚ್ಚಿ. ಕಾರಿನ ಕೆಳಗೆ ತಿಳಿಯುವ ಬದಲು ಬೆಂಚಿನ ಮೇಲೆ ತಿಳಿಯುವುದು ಎಷ್ಟೋ ವಾಸಿ.

ವಾಲ್ವ್ ಬಾಡಿಯ ವಾಲ್ವುಗಳು ಒಣಗಿದ ಸ್ಥಿತಿಯಲ್ಲೂ ತಮ್ಮ ಭಾರಕ್ಕೆ ಜಾರುವಂತಿರಬೇಕು. ಒಂದೊಂದನ್ನೇ ತೆಗೆದು, ತೊಳೆದು, ಅದೇ ಜಾಗಕ್ಕೆ ಹಾಕಿ. ಟಾರ್ಕ್ ಕನ್ವರ್ಟರ್ ಬೆಸುಗೆ ಹಾಕಿ ಮುಚ್ಚಿದ ಭಾಗವಾದ್ದರಿಂದ ಅದರೊಳಗಿನ ಚೂರುಗಳನ್ನು ಮನೆಯಲ್ಲಿ ತೆಗೆಯಲಾಗದು. ಕ್ಲಚ್ ಸುಟ್ಟಿದ್ದರೆ ಅದನ್ನು ಬದಲಿಸಿಬಿಡಿ. ರೇಡಿಯೇಟರಿನಲ್ಲಿರುವ ಕೂಲರನ್ನೂ ಅದರ ಕೊಳವೆಗಳನ್ನೂ ತೊಳೆದು, ಎಣ್ಣೆ ಸರಾಗವಾಗಿ ಹರಿಯುತ್ತಿದೆಯೇ ನೋಡಿ. ಇಲ್ಲದಿದ್ದರೆ ಹಳೆಯ ಗೇರ್‌ಬಾಕ್ಸಿನ ಕೊಳೆಯೇ ಹೊಸದರೊಳಗೆ ಬರುತ್ತದೆ.

ಮರುಜೋಡಣೆಯಲ್ಲಿ ಅತಿ ಹೆಚ್ಚು ನಷ್ಟ ಮಾಡುವ ಜಾಗ ಕನ್ವರ್ಟರ್ ಕೂರಿಸುವುದು. ಒಂದು ಲೀಟರಿನಷ್ಟು ಎಣ್ಣೆ ತುಂಬಿ, ತಿರುಗಿಸುತ್ತ ಒಳಕ್ಕೆ ಒತ್ತಿ. ಶಾಫ್ಟಿನ ಹಲ್ಲು, ಕನ್ವರ್ಟರಿನೊಳಗಿನ ಸ್ಟೇಟರ್ ಎಂಬ ಚಕ್ರ ಸೇರುವ ಹಲ್ಲು, ಕೊನೆಗೆ ಪಂಪಿನ ಗೇರ್ ಹೀಗೆ ಮೂರು ಕಡೆ ಅದು ಸೇರಿಕೊಳ್ಳಬೇಕು, ಪ್ರತಿ ಸಲವೂ ಒಂದು ಮೆಟ್ಟಿಲು ಇಳಿದಂತೆ ಒಳಗೆ ಹೋಗುತ್ತದೆ. ಮೂರನೆಯದು ಆಗದೆ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಬೋಲ್ಟಿನಿಂದ ಎಳೆದು ಬಿಗಿದರೆ ಪಂಪು ಒಡೆಯುತ್ತದೆ. ಸರಿಯಾಗಿ ಕೂತಿದ್ದರೆ ಕೇಸು ಎಂಜಿನ್ನಿಗೆ ಕೈಯಿಂದಲೇ ಬಂದು ಸೇರುತ್ತದೆ, ಕನ್ವರ್ಟರ್ ಆಗಲೂ ಸುಲಭವಾಗಿ ತಿರುಗುತ್ತದೆ, ಅದಕ್ಕೂ ಫ್ಲೆಕ್ಸ್‌ಪ್ಲೇಟಿಗೂ ನಡುವೆ 3ರಿಂದ 5 ಮಿಲಿಮೀಟರ್ ಅಂತರ ಉಳಿದಿರುತ್ತದೆ. ಈ ಅಂತರ ಕಾಣದಿದ್ದರೆ ಒಂದು ಬೋಲ್ಟನ್ನೂ ಬಿಗಿಯಬೇಡಿ.

ಕನ್ವರ್ಟರ್ ಸಹಿತ ಒಣಗಿದ ಗೇರ್‌ಬಾಕ್ಸಿಗೆ ಒಟ್ಟು 9ರಿಂದ 10 ಲೀಟರ್ ಡೆಕ್ಸ್‌ರಾನ್ (ಜನರಲ್ ಮೋಟರ್ಸ್‌ನ ಟ್ರಾನ್ಸ್‌ಮಿಷನ್ ಎಣ್ಣೆಯ ಮಾನದಂಡ) ದರ್ಜೆಯ ಎಣ್ಣೆ ಬೇಕಾಗುತ್ತದೆ, ಆದರೆ ಎಲ್ಲವನ್ನೂ ಒಮ್ಮೆಗೇ ಸುರಿಯಬಾರದು. ಅರ್ಧದಷ್ಟು ಹಾಕಿ ಎಂಜಿನ್ ಶುರುಮಾಡಿದೊಡನೆ ಕನ್ವರ್ಟರ್ ಎಣ್ಣೆಯನ್ನು ಎಳೆದುಕೊಳ್ಳುತ್ತದೆ, ಮಟ್ಟ ನೋಡುತ್ತ ಬೇಗಬೇಗನೆ ಉಳಿದದ್ದನ್ನು ಸೇರಿಸಿ. ಬ್ರೇಕ್ ಒತ್ತಿ ಹಿಡಿದು ಲಿವರನ್ನು ಪ್ರತಿ ಸ್ಥಾನಕ್ಕೂ ನಿಧಾನವಾಗಿ ತನ್ನಿ, ಮತ್ತೆ ಮಟ್ಟ ನೋಡಿ. ಆಮೇಲೆ ಅದೇ ಗೇಜನ್ನು ಅದೇ ರಂಧ್ರಕ್ಕೆ ಹಾಕಿ, ಮೊದಲು ಬರೆದಿಟ್ಟ ಓದುಗಳೊಂದಿಗೆ ಹೋಲಿಸಿ. ಮೂರನೆಯ ಗೇರ್ ಮತ್ತು ರಿವರ್ಸಿನಲ್ಲಿ ಬೀಳುತ್ತಿದ್ದ ಒತ್ತಡ ಈಗ ಕೈಪಿಡಿಯ ಮಿತಿಯೊಳಗೆ ನಿಂತಿದ್ದರೆ ನೀವು ಕಾರಣವನ್ನೇ ಸರಿಪಡಿಸಿದ್ದೀರಿ. ಮೊದಲ ಕೆಲವು ನೂರು ಕಿಲೋಮೀಟರ್ ಹಗುರವಾಗಿ ಓಡಿಸಿ, ಬಳಿಕ ಪ್ಯಾನ್ ಇಳಿಸಿ ತಳ ನೋಡಿ, ಫಿಲ್ಟರ್ ಬದಲಿಸಿ.

ನಿಮ್ಮ ಒತ್ತಡದ ಓದುಗಳನ್ನೂ ಪ್ಯಾನಿನ ಚಿತ್ರವನ್ನೂ ಇಲ್ಲಿ ಹಾಕಿದರೆ, ಬಿಚ್ಚುವ ಮುನ್ನವೇ ಅವನ್ನು ನಿಮ್ಮೊಂದಿಗೆ ಕೂತು ನೋಡಲು ನಾನು ಸಿದ್ಧನಿದ್ದೇನೆ.