ಹಾಗ್ವಾನ್ ಕೆಲಸ: ಮೊದಲು ಒಪ್ಪಂದ ನೋಡಿ

ಕೆನಡಾ ಪಾಸ್‌ಪೋರ್ಟ್ ಇದೆ, ಸಿಯೋಲ್‌ನ ಹಾಗ್ವಾನ್ (ಖಾಸಗಿ ಟ್ಯೂಷನ್ ಸಂಸ್ಥೆ) ಒಂದರಲ್ಲಿ 11 ತಿಂಗಳು ಇಂಗ್ಲಿಷ್ ಕಲಿಸೋಕೆ ಕರೆದಿದ್ದಾರೆ, ಹೋಗಲಾ ಅಂತ ಕೇಳಿದ್ದೀರಿ. ಅಲ್ಲಿನ ಟ್ಯೂಷನ್ ಸಂಸ್ಥೆಗಳಲ್ಲಿ ಇಂಗ್ಲಿಷ್ ಕಲಿಸೋಕೆ ಬೇಕಾದ ಇ-2 ವೀಸಾ (ಭಾಷಾ ಶಿಕ್ಷಕರ ವೀಸಾ) ಸಿಗುವುದು 7 ದೇಶದವರಿಗೆ ಮಾತ್ರ, ಅದರಲ್ಲಿ ಕೆನಡಾ ಇದೆ. (ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಮಾತು ಇಲ್ಲಿಗೇ ಮುಗೀತಿತ್ತು.)

ನನಗೆ ಅನುಮಾನ ಆ 11 ತಿಂಗಳ ಮೇಲೆ. ಕೊರಿಯಾದಲ್ಲಿ ವರ್ಷ ತುಂಬಿಸಿ ಕೆಲಸ ಬಿಟ್ಟರೆ ಸುಮಾರು ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡಬೇಕು. ಅದನ್ನು ತಪ್ಪಿಸುವ ಹಳೇ ಉಪಾಯ ಇದು. 12 ಮಾಡಿಸಿ, ಒಪ್ಪದಿದ್ದರೆ ಬಿಡಿ.

ಈಗ ಅಲ್ಲಿ ಪಾಠ ಮಾಡುತ್ತಿರುವವರ ಹತ್ತಿರ ಫೋನಲ್ಲಿ ಮಾತಾಡಿ. ನಾನು ಮಾತಾಡಿರಲಿಲ್ಲ. ಹೋದ ಮೇಲೆ ಗೊತ್ತಾಯ್ತು, ರಾತ್ರಿ ಕೊನೇ ಕ್ಲಾಸಲ್ಲಿ ಅರ್ಧ ಮಕ್ಕಳು ಡೆಸ್ಕ್ ಮೇಲೆ ತಲೆಯಿಟ್ಟು ಮಲಗಿರುತ್ತಾರೆ.