ಓದುಗರ ಪ್ರಶ್ನೆ, ನಮ್ಮ ಉತ್ತರ: ಡರ್ಬನ್ನಿನ ರೀಲು ಅಂಗಡಿಯಿಂದ ಹೊರಟ ನಿರ್ಮಾಪಕ

ಪ್ರಶ್ನೆ: ಬಿ.ಕಾಂ. ಮುಗಿಸಿ ಎರಡು ವರ್ಷಗಳಿಂದ ತಂದೆಯವರೊಂದಿಗೆ ನಮ್ಮ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಚಲನಚಿತ್ರ ನಿರ್ಮಾಣ ಮಾಡಬೇಕೆಂಬ ಆಸೆ ಬಹಳ ದಿನಗಳದು. ಮನೆಯಲ್ಲಿ ಹೇಳಿದರೆ, ‘ನಿರ್ಮಾಪಕನೆಂದರೆ ತೋಟ ಮಾರಿ ಕೈ ಸುಟ್ಟುಕೊಳ್ಳುವವನು’ ಎನ್ನುತ್ತಾರೆ. ಈಚೆಗೆ ನೆಲ್ಸನ್ ಮಂಡೇಲಾ ಅವರ ಜೀವನದ ಚಿತ್ರ ನೋಡಿದೆ. ನಿರ್ಮಾಪಕರ ಹೆಸರು ಅನಂತ್ ಸಿಂಗ್ ಎಂದಿತ್ತು. ಅವರು ಭಾರತೀಯರೇ? ಅವರೂ ಆಸ್ತಿ ಮಾರಿಯೇ ನಿರ್ಮಾಪಕರಾದರೇ?
– ಓದುಗರು, ಪೊನ್ನಂಪೇಟೆ

ಉತ್ತರ: ಅನಂತ್ ಸಿಂಗ್ ಭಾರತೀಯ ಮೂಲದವರು, ಆದರೆ ದಕ್ಷಿಣ ಆಫ್ರಿಕದವರು. ಅವರು ಹುಟ್ಟಿದ್ದು 1956ರಲ್ಲಿ, ಡರ್ಬನ್ ನಗರದಲ್ಲಿ. ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳನ್ನು ಹೊತ್ತ ಮೊದಲ ಹಡಗು ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಆ ಬಂದರಿಗೆ ತಲುಪಿತ್ತು; ಮುಂದಿನ ಐವತ್ತು ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹಾಗೆಯೇ ಹೋದರು. ತೋಟದ ಕೂಲಿಗಳು ವಾಸಿಸುವ ಲೈನ್ ಮನೆಗಳನ್ನು ದಿನವೂ ಕಾಣುವ ಕೊಡಗಿನ ನಮಗೆ ಆ ಚರಿತ್ರೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಂಗ್ ಬೆಳೆಯುವ ಹೊತ್ತಿಗೆ ಆ ದೇಶದಲ್ಲಿ ವರ್ಣಭೇದ ನೀತಿ ಗಟ್ಟಿಯಾಗಿ ಬೇರೂರಿತ್ತು. ಯಾವ ಬಡಾವಣೆಯಲ್ಲಿ ವಾಸಿಸಬೇಕು, ಯಾವ ಶಾಲೆಯಲ್ಲಿ ಕಲಿಯಬೇಕು, ಯಾವ ಚಿತ್ರಮಂದಿರದಲ್ಲಿ ಕೂರಬೇಕು ಎಂಬುದನ್ನೆಲ್ಲ ಮೈಬಣ್ಣವೇ ನಿರ್ಧರಿಸುತ್ತಿತ್ತು. ಅವರು ಸೇರಿದ ಡರ್ಬನ್-ವೆಸ್ಟ್‌ವಿಲ್ ವಿಶ್ವವಿದ್ಯಾಲಯವೂ ಸರ್ಕಾರ ಭಾರತೀಯರಿಗೆಂದೇ ಪ್ರತ್ಯೇಕವಾಗಿ ಕಟ್ಟಿದ್ದಾಗಿತ್ತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿಂದ ಆರಂಭವಾಗುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಅವರು ಓದು ಬಿಟ್ಟು, 16 ಎಂ.ಎಂ. ಚಿತ್ರಗಳ ರೀಲುಗಳನ್ನು ಬಾಡಿಗೆಗೆ ಕೊಡುವ ಒಂದು ಅಂಗಡಿಯನ್ನು ಕೊಂಡರು. ಇಂದಿನವರಿಗೆ ಇದು ವಿಚಿತ್ರ ವ್ಯಾಪಾರವೆನಿಸಬಹುದು. ಆದರೆ ದಕ್ಷಿಣ ಆಫ್ರಿಕದಲ್ಲಿ ಟೆಲಿವಿಷನ್ ಪ್ರಸಾರ ನಿಯಮಿತವಾಗಿ ಆರಂಭವಾದದ್ದೇ 1976ರ ಜನವರಿಯಲ್ಲಿ; ಅಷ್ಟು ಶ್ರೀಮಂತ ದೇಶದಲ್ಲಿಯೂ ಅಲ್ಲಿಯವರೆಗೆ ಸರ್ಕಾರ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಆದ್ದರಿಂದ ಜನ ಪ್ರೊಜೆಕ್ಟರನ್ನೂ ರೀಲುಗಳನ್ನೂ ಬಾಡಿಗೆಗೆ ತಂದು ಮನೆಯ ಗೋಡೆಯ ಮೇಲೆ ಚಿತ್ರ ನೋಡುತ್ತಿದ್ದರು.

ಆ ರೀಲುಗಳನ್ನು ನಾನು ಬಲ್ಲೆ. ನಾನು ಚಿಕ್ಕವನಿದ್ದಾಗ ಸರ್ಕಾರದ ಪ್ರಚಾರ ಇಲಾಖೆಯ ಜೀಪು ನಮ್ಮ ಊರಿನ ಶಾಲೆಯ ಮೈದಾನಕ್ಕೆ ಬಂದು, ಎರಡು ಸಿಲ್ವರ್ ಓಕ್ ಮರಗಳ ನಡುವೆ ಬಿಳಿ ಪರದೆ ಕಟ್ಟಿ ಚಿತ್ರ ತೋರಿಸುತ್ತಿತ್ತು. ದೊಡ್ಡ ರೀಲೊಂದು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತಿತ್ತು. ಅದನ್ನು ಬಿಚ್ಚಿ ಇನ್ನೊಂದನ್ನು ಏರಿಸುವವರೆಗೂ ಮೈದಾನವೆಲ್ಲ ಕತ್ತಲೆಯಲ್ಲಿ ಕಾಯುತ್ತಿತ್ತು. ಆ ವಿರಾಮದಲ್ಲಿ ಯಾರು ಎದ್ದು ಹೋಗುತ್ತಾರೆ, ಯಾರು ಚಳಿಗೆ ಕಂಬಳಿ ಬಿಗಿಯಾಗಿ ಹೊದ್ದು ಕುಳಿತೇ ಇರುತ್ತಾರೆ ಎಂಬುದನ್ನು ಆಪರೇಟರ್ ಒಬ್ಬನೇ ಸರಿಯಾಗಿ ನೋಡುತ್ತಿದ್ದ. ರೀಲು ಬಾಡಿಗೆಗೆ ಕೊಡುವವನೂ ಅಂಥದೇ ಜಾಗದಲ್ಲಿ ನಿಂತಿರುತ್ತಾನೆ. ಯಾವ ಚಿತ್ರವನ್ನು ಜನ ಮತ್ತೆ ಕೇಳುತ್ತಾರೆ, ಯಾವುದನ್ನು ಅರ್ಧ ನೋಡಿ ಹಿಂತಿರುಗಿಸುತ್ತಾರೆ ಎಂಬುದು ಅವನಿಗೆ ದಿನವೂ ತಿಳಿಯುತ್ತದೆ. ಮುಂದೆ ವಿಡಿಯೋ ಕ್ಯಾಸೆಟ್ ಬಂದಾಗ ಸಿಂಗ್ ಕ್ಯಾಸೆಟ್ ವಿತರಣೆಗೆ ಇಳಿದು ವಿಡಿಯೋವಿಷನ್ ಸಂಸ್ಥೆಯನ್ನು ಕಟ್ಟಿದರು. ಅವರ ಮೊದಲ ಸ್ವಂತ ಚಿತ್ರ ತೆರೆಗೆ ಬಂದದ್ದು 1986ರಲ್ಲಿ. ಅಂದರೆ ಅಂಗಡಿ ಕೊಂಡು ಹತ್ತು ವರ್ಷಗಳ ಮೇಲೆ.

ನಿಮ್ಮ ತಂದೆಯವರಿಗೆ ಈ ಮಾತನ್ನು ಅವರ ಭಾಷೆಯಲ್ಲೇ ಹೇಳಿ ನೋಡಿ. ಕಣದಲ್ಲೇ ವ್ಯಾಪಾರಿ ಹೇಳಿದ ಬೆಲೆಗೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ತೂಗಿ ಕೊಡುವ ಬೆಳೆಗಾರ ಒಬ್ಬ. ತನ್ನ ಚೆರ್ರಿಯ ಔಟ್‌ಟರ್ನ್ (ಅದರಿಂದ ಸಿಗುವ ಬೀಜದ ಪ್ರಮಾಣ) ಎಷ್ಟು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅದು ಯಾವ ಗ್ರೇಡಿಗೆ ಬೀಳುತ್ತದೆ, ಅದನ್ನು ಕೊಳ್ಳುವವರು ಯಾರು ಎಂಬುದನ್ನು ತಿಳಿದು ಮಾರುವ ಬೆಳೆಗಾರ ಇನ್ನೊಬ್ಬ. ಚಿತ್ರ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಅರಿಯದೆ ಮೊದಲು ಹಣ ಸುರಿದವರೇ ನಿಮ್ಮ ತಂದೆಯವರು ಕಂಡ ನಿರ್ಮಾಪಕರು. ಆದ್ದರಿಂದ ಅವರ ಭಯವನ್ನು ನಾನು ತಪ್ಪೆನ್ನಲಾರೆ. ಸಿಂಗ್ ಕ್ರಮವನ್ನು ತಿರುಗಿಸಿದರು. ಅವರಿಗೆ ಮಾರುಕಟ್ಟೆ ಮೊದಲು ಗೊತ್ತಾಯಿತು, ಚಿತ್ರ ಆಮೇಲೆ ಬಂತು. ತೋಟವನ್ನು ದಯವಿಟ್ಟು ಮಾರಬೇಡಿ. ಒಂದೆರಡು ವರ್ಷ ಯಾವುದಾದರೂ ವಿತರಕರ ಕಚೇರಿಯಲ್ಲೋ, ಪ್ರೊಡಕ್ಷನ್ ಮ್ಯಾನೇಜರೊಬ್ಬರ ಕೈಕೆಳಗೋ ದುಡಿಯಿರಿ, ನಿಮ್ಮ ಬಿ.ಕಾಂ. ಅಲ್ಲಿ ವ್ಯರ್ಥವಾಗುವುದಿಲ್ಲ.

ಪ್ರಶ್ನೆ: ವರ್ಣಭೇದದ ಸರ್ಕಾರವಿದ್ದಾಗಲೇ ಅನಂತ್ ಸಿಂಗ್ ಅದನ್ನು ವಿರೋಧಿಸುವ ಚಿತ್ರಗಳನ್ನು ಅದೇ ದೇಶದಲ್ಲಿ ತೆಗೆದರು ಎಂದು ಓದಿದ್ದೇನೆ. ಅದು ಹೇಗೆ ಸಾಧ್ಯವಾಯಿತು?
– ಓದುಗರು, ಸೋಮವಾರಪೇಟೆ

ಉತ್ತರ: ಸುಲಭವಾಗಿ ಸಾಧ್ಯವಾಗಲಿಲ್ಲ. ಮೇಲೆ ಹೇಳಿದ ಮೊದಲ ಚಿತ್ರ ‘ಪ್ಲೇಸ್ ಆಫ್ ವೀಪಿಂಗ್’. ಹಸಿದ ಕುಟುಂಬಕ್ಕಾಗಿ ಒಂದು ಕೋಳಿ ಕದ್ದ ಕಪ್ಪು ಕೂಲಿಯಾಳನ್ನು ಬಿಳಿಯ ಜಮೀನ್ದಾರ ಹೊಡೆದು ಕೊಲ್ಲುತ್ತಾನೆ. ಎಲ್ಲರೂ ಬಾಯಿ ಮುಚ್ಚಿಕೊಂಡಿರುವಾಗ ಒಬ್ಬ ಹೆಣ್ಣುಮಗಳು ನ್ಯಾಯ ಕೇಳಲು ನಿಲ್ಲುತ್ತಾಳೆ. ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿದ್ದ ಕಾಲವದು. ಪೂರ್ತಿಯಾಗಿ ದಕ್ಷಿಣ ಆಫ್ರಿಕದೊಳಗೇ ತಯಾರಾದ ಮೊದಲ ವರ್ಣಭೇದ-ವಿರೋಧಿ ಕಥಾಚಿತ್ರವೆಂದು ಅದನ್ನು ಕರೆಯುತ್ತಾರೆ. ನಿರ್ದೇಶಕ ಡ್ಯಾರೆಲ್ ರೂಟ್ ಆಗ ಇಪ್ಪತ್ತರ ಹರೆಯದ ಬಿಳಿಯ ತರುಣ. ಒಂದೇ ಬಡಾವಣೆಯಲ್ಲಿ ವಾಸಿಸಲು ಕಾನೂನು ಬಿಡದ ಸಿಂಗ್ ಮತ್ತು ರೂಟ್ ಮುಂದಿನ ಎರಡು ದಶಕಗಳ ಕಾಲ ಜೊತೆಯಾಗಿ ಚಿತ್ರ ಮಾಡಿದರು ಎಂಬುದು ನನ್ನ ಮಟ್ಟಿಗೆ ಆ ಚಿತ್ರಗಳಷ್ಟೇ ದೊಡ್ಡ ಸಂಗತಿ.

ಗಡಿಯಾಚೆಗೆ ಯುದ್ಧಕ್ಕೆ ಕಳುಹಿಸಿದ ಸೈನಿಕರನ್ನು ಕುರಿತು ಅವರು 1980ರ ದಶಕದ ಕೊನೆಗೆ ತೆಗೆದ ‘ದ ಸ್ಟಿಕ್’ ಚಿತ್ರವನ್ನು ಸರ್ಕಾರ ನಿಷೇಧಿಸಿತು. ಇನ್ನೊಂದು ಕಡೆಯಿಂದಲೂ ಇಕ್ಕಟ್ಟಿತ್ತು. ಹೊರದೇಶಗಳು ದಕ್ಷಿಣ ಆಫ್ರಿಕದ ಮೇಲೆ ಸಾಂಸ್ಕೃತಿಕ ಬಹಿಷ್ಕಾರ ಹಾಕಿದ್ದರಿಂದ, ಅಲ್ಲಿಂದ ಬಂದ ಯಾವುದೇ ಚಿತ್ರವನ್ನು ಹೊರಗಿನವರು ಅನುಮಾನದಿಂದಲೇ ನೋಡುತ್ತಿದ್ದರು. ಒಳಗೆ ಸರ್ಕಾರದ ಕತ್ತರಿ, ಹೊರಗೆ ಗೆಳೆಯರ ಶಂಕೆ. ಇವೆರಡರ ನಡುವೆ ದಾರಿ ಮಾಡಿಕೊಂಡು ಹೋಗುವುದೇ ನಿರ್ಮಾಪಕನ ಕೆಲಸವಾಗಿತ್ತು.

1992ರಲ್ಲಿ ‘ಸರಫಿನಾ’ ಬಂದಿತು. ಡಚ್ ಮೂಲದ ಬಿಳಿಯರ ಆಫ್ರಿಕಾನ್ಸ್ ಭಾಷೆಯನ್ನು ಬೋಧನಾ ಮಾಧ್ಯಮವಾಗಿ ಹೇರಿದ್ದನ್ನು ವಿರೋಧಿಸಿ 1976ರ ಜೂನ್ 16ರಂದು ಜೋಹಾನ್ಸ್‌ಬರ್ಗ್ ಬಳಿಯ ಕಪ್ಪು ಜನರ ಬಡಾವಣೆಯಾದ ಸೊವೆಟೊದ ಶಾಲಾ ಮಕ್ಕಳು ಬೀದಿಗಿಳಿದು ಪೊಲೀಸರ ಗುಂಡಿಗೆ ಎದೆಯೊಡ್ಡಿದ ದಿನಗಳ ಕಥೆಯದು. ಎಂಬೊಂಗೇನಿ ಎಂಗೆಮಾ ಅವರ ಸಂಗೀತ ನಾಟಕವನ್ನು ಆಧರಿಸಿದ ಆ ಚಿತ್ರದಲ್ಲಿ ಲೆಲೆಟಿ ಖುಮಾಲೊ ವಿದ್ಯಾರ್ಥಿನಿಯಾಗಿಯೂ, ಹಾಲಿವುಡ್ಡಿನ ವೂಪಿ ಗೋಲ್ಡ್‌ಬರ್ಗ್ ಉಪಾಧ್ಯಾಯಿನಿಯಾಗಿಯೂ, ಬಹುಕಾಲ ದೇಶಭ್ರಷ್ಟರಾಗಿದ್ದ ಗಾಯಕಿ ಮಿರಿಯಂ ಮಕೆಬಾ ತಾಯಿಯಾಗಿಯೂ ನಟಿಸಿದರು. ಕಾನ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನಗೊಂಡಿತು. ಪ್ರಜಾಪ್ರಭುತ್ವದ ಮೊದಲ ಚುನಾವಣೆಗೆ ಆಗ ಇನ್ನೂ ಎರಡು ವರ್ಷ ಬಾಕಿಯಿತ್ತು.

ಪ್ರಶ್ನೆ: ಕೊಡವ ತಕ್ಕ್‌ನಲ್ಲಿ ಚಿತ್ರ ಮಾಡಿದರೆ ನೋಡುವವರೆಷ್ಟು ಜನ, ಹಣ ಹಾಕುವವರು ಯಾರು? ಆಫ್ರಿಕದವರು ತಮ್ಮ ಭಾಷೆಗಳಲ್ಲಿ ಚಿತ್ರ ಮಾಡಿ ಗೆದ್ದದ್ದುಂಟೇ? ನಮ್ಮ ಅಜ್ಜಿಯ ಕಾಲದ ಕಥೆಯೊಂದನ್ನು ಚಿತ್ರ ಮಾಡಬೇಕೆಂದು ನಾವು ಮೂವರು ಗೆಳೆಯರು ಮಾತಾಡಿಕೊಂಡಿದ್ದೇವೆ. ಅದು ಒಂದು ಸಣ್ಣ ಪುಸ್ತಕವಾಗಿ ಹಿಂದೆ ಅಚ್ಚಾಗಿದೆ.
– ಓದುಗರು, ನಾಪೋಕ್ಲು

ಉತ್ತರ: 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆಯೆಂದು ಬರೆಸಿದವರು 1,13,857 ಮಂದಿ. ದಕ್ಷಿಣ ಆಫ್ರಿಕದ ಜುಲು ಭಾಷೆ ಆಡುವವರು ಒಂದು ಕೋಟಿಗೂ ಮೇಲಿದ್ದಾರೆ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಆದರೂ ‘ಯೆಸ್ಟರ್ಡೇ’ ಚಿತ್ರದ ವಿಷಯ ನಿಮಗೆ ಉಪಯೋಗಕ್ಕೆ ಬಂದೀತು.

ಅನಂತ್ ಸಿಂಗ್ 2004ರಲ್ಲಿ ಹೊರತಂದ ಈ ಚಿತ್ರ ಪೂರ್ತಿ ಜುಲು ಭಾಷೆಯಲ್ಲಿದೆ. ಯೆಸ್ಟರ್ಡೇ ಎಂಬುದು ಹಳ್ಳಿಯ ಒಬ್ಬ ತಾಯಿಯ ಹೆಸರು. ಮೈ ಹುಷಾರಿಲ್ಲದೆ ಅವಳು ಪುಟ್ಟ ಮಗಳ ಕೈ ಹಿಡಿದು ಒಣ ಬಯಲಿನಲ್ಲಿ ಗಂಟೆಗಟ್ಟಲೆ ನಡೆದು, ವಾರಕ್ಕೊಮ್ಮೆ ವೈದ್ಯರು ಬರುವ ಚಿಕಿತ್ಸಾಲಯವನ್ನು ತಲುಪುತ್ತಾಳೆ. ಸಾಲು ಉದ್ದವಿದೆ; ಇವಳವರೆಗೆ ಬರುವ ಮೊದಲೇ ಇವತ್ತಿಗೆ ಇಷ್ಟೇ ಎಂದುಬಿಡುತ್ತಾರೆ. ಅವಳು ಜಗಳವಾಡುವುದಿಲ್ಲ, ಬಂದ ದಾರಿಯಲ್ಲೇ ತಿರುಗಿ ನಡೆಯುತ್ತಾಳೆ. ಕೊನೆಗೆ ಎಚ್‌ಐವಿ ಸೋಂಕು ಇರುವುದು ತಿಳಿಯುತ್ತದೆ. ಗಂಡ ದೂರದ ಗಣಿಯಲ್ಲಿ ದುಡಿಯುವವನು. ಮಗಳು ಶಾಲೆಗೆ ಸೇರುವ ದಿನದವರೆಗಾದರೂ ಬದುಕಿರಬೇಕು ಎಂಬುದೊಂದೇ ಅವಳ ಹಟ. ನಿರ್ದೇಶಕರು ಅದೇ ಡ್ಯಾರೆಲ್ ರೂಟ್, ತಾಯಿಯಾಗಿ ನಟಿಸಿದವರು ‘ಸರಫಿನಾ’ದ ಅದೇ ಲೆಲೆಟಿ ಖುಮಾಲೊ.

ಈ ಚಿತ್ರದ ಹಣ ಒಂದೇ ಕಿಸೆಯಿಂದ ಬರಲಿಲ್ಲ. ದಕ್ಷಿಣ ಆಫ್ರಿಕದ ಎಂ-ನೆಟ್ ವಾಹಿನಿ, ಅಮೆರಿಕದ ಎಚ್‌ಬಿಒ ವಾಹಿನಿ, ನೆಲ್ಸನ್ ಮಂಡೇಲಾ ಪ್ರತಿಷ್ಠಾನ ಇವೆಲ್ಲವೂ ಕೈಜೋಡಿಸಿದವು. ಆಸ್ಕರ್‌ನ ವಿದೇಶಿ ಭಾಷಾ ಚಿತ್ರ ವಿಭಾಗಕ್ಕೆ ನಾಮನಿರ್ದೇಶನಗೊಂಡ ದಕ್ಷಿಣ ಆಫ್ರಿಕದ ಮೊದಲ ಚಿತ್ರ ಇದು. ಟೆಲಿವಿಷನ್‌ಗೆ ಕೊಡುವ ಎಮ್ಮಿ ಪ್ರಶಸ್ತಿಗೂ ನಾಮನಿರ್ದೇಶನಗೊಂಡಿತು. ಹೇಳಬೇಕಾದವರ ಭಾಷೆಯಲ್ಲೇ ಹೇಳಿದ್ದರಿಂದ ಅದು ದೂರ ಹೋಯಿತೆಂದು ನಾನು ನಂಬಿದ್ದೇನೆ. ಕೊಡವ ತಕ್ಕ್‌ನಲ್ಲಿ 1972ರಲ್ಲೇ ಮೊದಲ ಚಿತ್ರ ಬಂದಿತ್ತು. ಇಂದು ಪ್ರಾದೇಶಿಕ ಭಾಷೆಗಳ ಚಿತ್ರಗಳಿಗೆ ರಾಜ್ಯ ಸರ್ಕಾರದ ಸಹಾಯಧನವಿದೆ, ರಾಜ್ಯ ಪ್ರಶಸ್ತಿಯ ವಿಭಾಗವಿದೆ, ಊರೂರಿಗೆ ಕೊಡವ ಸಮಾಜಗಳ ಸಭಾಂಗಣಗಳಿವೆ. ಚಿತ್ರಕಥೆ ಬರೆಯುವ ಮೊದಲೇ ಈ ಮೂರೂ ಬಾಗಿಲು ತಟ್ಟಿ ಬನ್ನಿ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಕಥೆ ಅಚ್ಚಾಗಿದೆ ಎಂದಿದ್ದೀರಿ. ಅದನ್ನು ಬರೆದವರು ಬದುಕಿದ್ದರೆ ಅವರಿಂದ, ಇಲ್ಲವಾದರೆ ಅವರ ವಾರಸುದಾರರಿಂದ ಚಿತ್ರದ ಹಕ್ಕನ್ನು ಬರಹದಲ್ಲಿ, ಸಹಿಯೊಂದಿಗೆ ಪಡೆಯಿರಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೇ ಲೆಕ್ಕ. ಬೇರೆ ಷರತ್ತು ಬರೆಯದಿದ್ದರೆ, ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದುಹೋಗುತ್ತದೆ. ಆದ್ದರಿಂದ ಅವಧಿ, ಭಾಷೆ, ಪ್ರದೇಶ ಎಲ್ಲವನ್ನೂ ಸ್ಪಷ್ಟವಾಗಿ ಬರೆಸಿ. ‘ನಮ್ಮವರೇ ಅಲ್ಲವೇ, ಬಾಯಿಮಾತು ಸಾಕು’ ಎಂದುಕೊಂಡು ಆರಂಭಿಸಿದ ಕಿರುಚಿತ್ರವೊಂದು ಸಂಕಲನದ ಹಂತದಲ್ಲಿ ನಿಂತುಹೋದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಎರಡು ಮನೆಗಳ ನಡುವೆ ಈಗಲೂ ಮಾತಿಲ್ಲ.

ಹಕ್ಕಿನ ಬೆಲೆ ಏನೆಂಬುದಕ್ಕೆ ಮಂಡೇಲಾ ಚಿತ್ರಕ್ಕಿಂತ ದೊಡ್ಡ ನಿದರ್ಶನ ಬೇಡ. ಮಂಡೇಲಾ ಇನ್ನೂ ಸೆರೆಮನೆಯಲ್ಲಿದ್ದಾಗಲೇ ಸಿಂಗ್ ಅವರೊಂದಿಗೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದರು. ಮಂಡೇಲಾ ಅವರ ಆತ್ಮಕಥೆ 1994ರಲ್ಲಿ ಪ್ರಕಟವಾಯಿತು. ಚಿತ್ರದ ಹಕ್ಕನ್ನು ಮಂಡೇಲಾ ಈ ಡರ್ಬನ್ನಿನ ನಿರ್ಮಾಪಕರಿಗೇ ಕೊಟ್ಟರು. ಚಿತ್ರಕಥೆಗಾರ ವಿಲಿಯಂ ನಿಕೋಲ್ಸನ್ ಮೂವತ್ತಕ್ಕೂ ಹೆಚ್ಚು ಬಾರಿ ಚಿತ್ರಕಥೆಯನ್ನು ತಿದ್ದಿ ಬರೆದರು. ಚಿತ್ರ ಪ್ರೇಕ್ಷಕರ ಮುಂದೆ ಬಂದದ್ದು 2013ರಲ್ಲಿ. ಆ ವರ್ಷ ಡಿಸೆಂಬರ್ 5ರ ರಾತ್ರಿ ಲಂಡನ್ನಿನಲ್ಲಿ ರಾಜಕುಮಾರ ವಿಲಿಯಂ ದಂಪತಿಯ ಸಮ್ಮುಖದಲ್ಲಿ ಪ್ರದರ್ಶನ ನಡೆಯುತ್ತಿತ್ತು, ಮಂಡೇಲಾ ಅವರ ಇಬ್ಬರು ಹೆಣ್ಣುಮಕ್ಕಳೂ ಬಂದಿದ್ದರು. ಚಿತ್ರ ಓಡುತ್ತಿರುವಾಗಲೇ ದಕ್ಷಿಣ ಆಫ್ರಿಕದಿಂದ ಮಂಡೇಲಾ ತೀರಿಕೊಂಡ ಸುದ್ದಿ ಬಂದಿತು. ಚಿತ್ರ ಮುಗಿದ ಮೇಲೆ ಸಿಂಗ್, ಮಂಡೇಲಾ ಪಾತ್ರ ವಹಿಸಿದ್ದ ಇಡ್ರಿಸ್ ಎಲ್ಬಾ ಅವರೊಂದಿಗೆ ವೇದಿಕೆ ಹತ್ತಿ ತುಂಬಿದ ಸಭೆಗೆ ಆ ಸುದ್ದಿ ತಿಳಿಸಬೇಕಾಯಿತು. ಸಭೆ ಎದ್ದು ನಿಂತು ಮೌನ ಆಚರಿಸಿತು.

ಪ್ರಶ್ನೆ: ನನಗೆ ನಲವತ್ತು ವರ್ಷ. ಖಾಸಗಿ ಸಂಸ್ಥೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಟೆಲಿವಿಷನ್ ಕಾರ್ಯಕ್ರಮ ನಿರ್ಮಾಣಕ್ಕೆ ಬರಲು ತಡವಾಯಿತೇ? ಆಫ್ರಿಕದಲ್ಲಿ ಮಹಿಳಾ ನಿರ್ಮಾಪಕರಿದ್ದಾರೆಯೇ?
– ಓದುಗರು, ಕುಶಾಲನಗರ

ಉತ್ತರ: ಇದ್ದಾರೆ. ನಿಮ್ಮ ಪ್ರಶ್ನೆಗೆಂದೇ ಇರುವವರಂತೆ ಒಬ್ಬರ ಹೆಸರು ಹೇಳುತ್ತೇನೆ: ನೈಜೀರಿಯದ ಮೊ ಅಬುಡು. 1964ರಲ್ಲಿ ಹುಟ್ಟಿದ ಅವರು ತೈಲ ಕಂಪನಿಯೊಂದರಲ್ಲಿ ನಿಮ್ಮಂತೆಯೇ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದರು. ಟೆಲಿವಿಷನ್‌ನ ಅನುಭವವಿಲ್ಲದೆ ನಲವತ್ತು ದಾಟಿದ ಮೇಲೆ ಸಂದರ್ಶನ ಕಾರ್ಯಕ್ರಮವೊಂದನ್ನು ಆರಂಭಿಸಿ, 2013ರಲ್ಲಿ ಎಬೊನಿಲೈಫ್ ಎಂಬ ವಾಹಿನಿಯನ್ನೇ ಕಟ್ಟಿದರು. ನೂರಾರು ಅರ್ಜಿಗಳ ನಡುವೆ ಸರಿಯಾದ ಒಬ್ಬರನ್ನು ಗುರುತಿಸುವ ನಿಮ್ಮ ವೃತ್ತಿಯ ಅಭ್ಯಾಸ ನಿರ್ಮಾಣದಲ್ಲಿ ಬಹಳ ದೊಡ್ಡ ಬಂಡವಾಳ.

ಹಣದ ವಿಷಯದಲ್ಲಿಯೂ ಅವರಿಂದ ಕಲಿಯುವುದಿದೆ. 2016ರಲ್ಲಿ ಬಂದು ನೈಜೀರಿಯದ ಗಳಿಕೆಯ ದಾಖಲೆ ಮುರಿದ ‘ದ ವೆಡ್ಡಿಂಗ್ ಪಾರ್ಟಿ’ಯನ್ನು ಅವರ ಸಂಸ್ಥೆ ಒಂಟಿಯಾಗಿ ಮಾಡಲಿಲ್ಲ, ನಾಲ್ಕು ಸಂಸ್ಥೆಗಳು ಕೂಡಿ ಮಾಡಿದವು. ಪೊನ್ನಂಪೇಟೆಯ ಓದುಗರ ತಂದೆಯವರಿಗೂ ಇದನ್ನು ತಿಳಿಸಬೇಕು. ಹಾಗೆ ಗಳಿಸಿದ ಬಲವನ್ನು ಅಬುಡು ಬೇರೆ ಕಡೆಗೂ ತಿರುಗಿಸಿದರು. ನೊಬೆಲ್ ಪುರಸ್ಕೃತ ವೊಲೆ ಸೊಯಿಂಕಾ ಅವರು ನೈಜೀರಿಯದ ಯೊರೂಬಾ ಜನರ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ‘ಡೆತ್ ಅಂಡ್ ದ ಕಿಂಗ್ಸ್ ಹಾರ್ಸ್‌ಮನ್’ ನಾಟಕವನ್ನು 2022ರಲ್ಲಿ ಅಬುಡು ಅವರ ಸಂಸ್ಥೆ ಚಿತ್ರವಾಗಿಸಿದಾಗ, ಅದರ ಪಾತ್ರಗಳು ತೆರೆಯ ಮೇಲೆ ಯೊರೂಬಾದಲ್ಲಿ ಮಾತಾಡಿದವು.